ತಂದದ್ದು, ಬಿಟ್ಟದ್ದು

ಮಕ್ಕಳೇ, ಕಳೆದ ಮೂರು ವಾರ ಈ ಪುಟದಲ್ಲಿ ನಾನು ಕಾಣಿಸಲಿಲ್ಲ. "ಅಜ್ಜನಿಗೆ ಹುಷಾರಿಲ್ಲವೇ?" ಎಂದು ಕೆಲವರು ಕಾರ್ಡು ಬರೆದು ವಿಚಾರಿಸಿದ್ದೀರಿ. ಹುಷಾರಾಗಿಯೇ ಇದ್ದೆ. ಊರಿನಲ್ಲಿ ಇರಲಿಲ್ಲ, ಅಷ್ಟೆ. ಸಮುದ್ರದ ಮೇಲಿದ್ದೆ!

ನಮ್ಮ ಮದುವೆಯಾಗಿ ಐವತ್ತನೆಯ ವರ್ಷ ನಡೆಯುತ್ತಿದೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳು ಅದಕ್ಕೊಂದು ಉಡುಗೊರೆ ಕೊಟ್ಟಳು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹೊರಟು ಗ್ರೀಸ್ ದೇಶದ ದ್ವೀಪಗಳನ್ನು ಏಳು ದಿನ ಸುತ್ತಿಸುವ ಕ್ರೂಸ್ ಹಡಗಿನ ಟಿಕೆಟ್ಟು, ಎರಡು. "ಇಷ್ಟೊಂದು ದುಡ್ಡು ಯಾಕೆ ಸುರಿದೆ?" ಅಂತ ನಾನು ಗೊಣಗಿದೆ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಬೇರೆಯವರ ದುಡ್ಡು ಎಣಿಸಿದವನಿಗೆ ಸ್ವಂತದ್ದು ಖರ್ಚಾಗುವುದನ್ನು ನೋಡಲಾಗುವುದಿಲ್ಲ. ನನ್ನಾಕೆ ಮಾತ್ರ ಏನೂ ಮಾತಾಡದೆ ಹೋಗಿ ಎರಡು ಸ್ವೆಟರ್ ಬಿಸಿಲಿಗೆ ಹಾಕಿದಳು. ಅಲ್ಲಿಗೆ ತೀರ್ಮಾನವಾಯಿತು.

ಹಡಗಿನ ವರ್ಣನೆ ಮಾಡುವುದಿಲ್ಲ. ಅಲ್ಲಿದ್ದದ್ದು ಊಟ, ಆಮೇಲೆ ಇನ್ನೊಂದು ಊಟ. ಏಳು ದಿನಗಳಲ್ಲಿ ಒಂದು ದಿನದ ಕಥೆ ಮಾತ್ರ ಹೇಳುತ್ತೇನೆ. ಹೊರಡುವ ಮುಂಚೆ ನನ್ನ ಹತ್ತು ವರ್ಷದ ಮೊಮ್ಮಗ ಫೋನಿನಲ್ಲಿ, "ಅಜ್ಜಾ, ಸಾಂಟೊರಿನಿ ಅಂದ್ರೆ ಜ್ವಾಲಾಮುಖಿ. ಬೆಂಕಿ ಬರ್ತಿದ್ರೆ ವಿಡಿಯೊ ತೆಗಿ," ಅಂದಿದ್ದ. ಮಗಳ ಬೇಡಿಕೆ ಬೇರೆ. "ಅಪ್ಪಾ, ಏನು ಬಿಟ್ಟರೂ ಇಯಾ ಅನ್ನೋ ಊರಿನ ನೀಲಿ ಗುಮ್ಮಟದ ಎದುರು ಇಬ್ಬರೂ ನಿಂತು ಒಂದು ಫೋಟೊ ತೆಗೆಸ್ಕೊಳ್ಳಿ. ಫ್ರೇಮ್ ಹಾಕಿಸ್ತೀನಿ."

ಬೆಳಗ್ಗೆ ಏಳಕ್ಕೆ ಮೇಲಿನ ಅಟ್ಟಕ್ಕೆ ಹೋಗಿ ನೋಡಿದೆವು. ಸಮುದ್ರದಿಂದ ನೆಟ್ಟಗೆ ಎದ್ದ ಗೋಡೆಯಂಥ ಬಂಡೆ. ಕೆಲವು ಕಡೆ 300 ಮೀಟರ್ ಎತ್ತರ. ಕಪ್ಪು, ಕೆಂಪು, ಬೂದು, ಬಿಳಿ ಬಣ್ಣಗಳು ಪದರ ಪದರವಾಗಿ ಕಾಣುತ್ತವೆ. ತುತ್ತತುದಿಯಲ್ಲಿ ಸಾಲಾಗಿ ಬಿಳೀ ಮನೆಗಳು, ಯಾರೋ ಮೇಲಿನಿಂದ ಸುಣ್ಣ ಚೆಲ್ಲಿದ್ದಾರೆ ಅನ್ನುವ ಹಾಗೆ. "ಜ್ವಾಲಾಮುಖಿ ಎಲ್ಲಿ?" ಎಂದು ಪಕ್ಕದಲ್ಲಿ ನಿಂತಿದ್ದ ಹಡಗಿನ ಹುಡುಗನನ್ನು ಕೇಳಿದೆ. ಅವನು ನಕ್ಕು ಕೆಳಗೆ, ನೀರಿನ ಕಡೆಗೆ ಬೆರಳು ತೋರಿಸಿದ. ನಾವು ಜ್ವಾಲಾಮುಖಿಯ ಬಾಯೊಳಗೇ ತೇಲುತ್ತಿದ್ದೆವು!

ಮಕ್ಕಳೇ, ಇದು ಹೇಗೆ ಅಂತ ಹೇಳಿಬಿಡುತ್ತೇನೆ. ಹೆಗ್ಗಣ ನೆಲದೊಳಗೆ ಬಿಲ ಕೊರೆದು ಕೊರೆದು ಟೊಳ್ಳು ಮಾಡಿದರೆ ಒಂದು ದಿನ ಮೇಲಿನ ಮಣ್ಣು ಧೊಪ್ಪೆಂದು ಕುಸಿಯುತ್ತದಲ್ಲ, ಹಾಗೆ. ಸುಮಾರು 3600 ವರ್ಷಗಳ ಹಿಂದೆ ಈ ದ್ವೀಪದ ಅಡಿಯಲ್ಲಿದ್ದ ಕರಗಿದ ಬಂಡೆಯೆಲ್ಲ ಭಯಂಕರವಾಗಿ ಸಿಡಿದು ಹೊರಗೆ ಬಂತು. ಒಳಗೆ ಟೊಳ್ಳಾಯಿತು. ಮೇಲಿದ್ದ ನೆಲ ಕುಸಿದು ಬಿತ್ತು. ಆ ಗುಂಡಿಗೆ ಸಮುದ್ರ ನುಗ್ಗಿತು. ಹೀಗೆ ಆದ ಬೋಗುಣಿಗೆ ಕ್ಯಾಲ್ಡೆರಾ ಎನ್ನುತ್ತಾರೆ. ಸುಮಾರು 11 ಕಿಲೋಮೀಟರ್ ಉದ್ದ, 7 ಕಿಲೋಮೀಟರ್ ಅಗಲ. ದುಂಡಗಿದ್ದ ದ್ವೀಪ ಈಗ ಕಚ್ಚಿ ಬಿಟ್ಟ ಚಕ್ಕುಲಿಯ ಹಾಗಿದೆ. ಬೋಗುಣಿಯ ನಡುವೆ ಕಪ್ಪಗೆ, ಸುಟ್ಟ ಬೆಲ್ಲದ ಉಂಡೆಯಂತೆ ಕಾಣುವ ದ್ವೀಪ ನಿಯಾ ಕಮೇನಿ. ಅದು ಆಮೇಲೆ ಹುಟ್ಟಿದ್ದು. 1707ರಲ್ಲಿ ಸಮುದ್ರದಿಂದ ಮೇಲೆದ್ದು, ಆಗಾಗ ಉಕ್ಕಿ ದೊಡ್ಡದಾಯಿತು. ಕೊನೆಯ ಸಲ ಉಕ್ಕಿದ್ದು 1950ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ. ನನ್ನ ಹಾಗೆಯೇ ಅದೂ ಈಗ ಆಗಾಗ ಹೊಗೆಯಾಡುವುದಷ್ಟೇ, ಉಕ್ಕುವುದಿಲ್ಲ ಎಂದು ನನ್ನಾಕೆ ಹೇಳಿದಳು.

ನೀರು ಎಷ್ಟು ಆಳ ಎಂದರೆ ದೊಡ್ಡ ಹಡಗುಗಳಿಗೆ ಲಂಗರು ಹಾಕಲು ತಳವೇ ಸಿಗುವುದಿಲ್ಲ. ಹಡಗು ನಡುನೀರಿನಲ್ಲೇ ನಿಲ್ಲುತ್ತದೆ. ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಇದಕ್ಕೆ ಟೆಂಡರ್ ಎಂದು ಹೆಸರು. ಆಫೀಸಿನಲ್ಲಿ ನಾವು ಕರೆಯುತ್ತಿದ್ದ ಟೆಂಡರೇ ಬೇರೆ, ಅದರಲ್ಲಿ ಎಷ್ಟೋ ಜನ ಮುಳುಗಿದ್ದಾರೆ.

ಹಡಗಿನವರೇ ಬಸ್ಸು, ಗೈಡು ಎಲ್ಲ ಮಾಡಿ ದ್ವೀಪ ತೋರಿಸುತ್ತಾರೆ. ಅದರ ದರ ನೋಡಿದೆ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. "ನಾವೇ ಸರ್ಕಾರಿ ಬಸ್ಸಿನಲ್ಲಿ ಹೋಗೋಣ," ಎಂದು ಠರಾವು ಮಂಡಿಸಿದೆ. ಒಂದು ತೊಡಕಿತ್ತು. ಹಡಗಿನ ಬಸ್ಸಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ. ನಮ್ಮಂತೆ ಸ್ವಂತ ಹೋದವರಿಗೆ ಕಾಯುವುದಿಲ್ಲ. ಕೊನೆಯ ದೋಣಿ ಸಂಜೆ ನಾಲ್ಕೂವರೆಗೆ. ಅದು ತಪ್ಪಿದರೆ ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ನಾವೇ ಹೋಗಿ ಹಡಗು ಹಿಡಿಯಬೇಕು. ಅದಕ್ಕೇ ಒಂದು ಚೀಟಿಯಲ್ಲಿ ವೇಳಾಪಟ್ಟಿ ಬರೆದುಕೊಂಡೆ. ಹತ್ತಕ್ಕೆ ಅಕ್ರೋತಿರಿ, ಹನ್ನೆರಡಕ್ಕೆ ವಾಪಸು ಫಿರಾ ಪಟ್ಟಣ, ಒಂದಕ್ಕೆ ಇಯಾ, ಫೋಟೊ, ಮೂರಕ್ಕೆ ಮತ್ತೆ ಫಿರಾ, ಮೂರೂಮುಕ್ಕಾಲಿಗೆ ದೋಣಿ. ಪಟ್ಟಿ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ ಟ್ಯಾಲಿಯಾಗಿತ್ತು.

ದೋಣಿಯಿಂದ ಇಳಿದ ಜಾಗದಿಂದ ಮೇಲಿನ ಫಿರಾ ಪಟ್ಟಣಕ್ಕೆ ಮೂರು ದಾರಿ. ಬಂಡೆಗೆ ಕೆತ್ತಿದ 588 ಮೆಟ್ಟಿಲು ಹತ್ತುವುದು, ಅದೇ ಮೆಟ್ಟಿಲಿನ ಮೇಲೆ ಹೇಸರಗತ್ತೆ ಏರಿ ಹೋಗುವುದು, ಇಲ್ಲವೇ ತಂತಿಯ ಮೇಲೆ ತೂಗುವ ಕೇಬಲ್ ಕಾರ್. ನನ್ನಾಕೆಗೆ ಎರಡೂ ಮೊಣಕಾಲಿನ ನೋವು. ಹೇಸರಗತ್ತೆಯನ್ನು ತೋರಿಸಿ, "ಕೂರ್ತೀಯಾ?" ಎಂದೆ. ಅದನ್ನು ಒಂದು ಗಳಿಗೆ ನೋಡಿ, "ಅದಕ್ಕೂ ಮೊಣಕಾಲು ಇರತ್ತಲ್ರೀ, ಪಾಪ," ಅಂದಳು. ಕೇಬಲ್ ಕಾರಿನಲ್ಲೇ ಹೋದೆವು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮೇಲಿದ್ದೆವು. ನಾನು ಕಣ್ಣು ಮುಚ್ಚಿಯೇ ಇದ್ದೆ.

ಫಿರಾದಿಂದ ಅಕ್ರೋತಿರಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ದಾರಿಯುದ್ದಕ್ಕೂ ಬೋಳು ನೆಲ, ಅಲ್ಲಲ್ಲಿ ನೆಲದ ಮೇಲೆ ಬುಟ್ಟಿ ಮಗುಚಿಟ್ಟ ಹಾಗೆ ಹಸಿರು. ಏನೆಂದು ನೋಡಿದರೆ ದ್ರಾಕ್ಷಿ! ನಮ್ಮಲ್ಲಿ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದರೆ ಇಲ್ಲಿಯವರು ಅದನ್ನು ಸುತ್ತಿ ಸುತ್ತಿ ಬುಟ್ಟಿಯಾಗಿ ಹೆಣೆದು ನೆಲಕ್ಕೆ ಒತ್ತಿ ಬೆಳೆಸುತ್ತಾರೆ. ಸಮುದ್ರದ ಗಾಳಿ ಬಳ್ಳಿಯನ್ನು ಕಿತ್ತೊಯ್ಯದಿರಲಿ ಎಂದು ಹೀಗೆ. ಗೊಂಚಲು ಬುಟ್ಟಿಯೊಳಗೆ ಭದ್ರ. ಮಳೆ ಕಡಿಮೆ, ಹೊಳೆ ಇಲ್ಲ. ರಾತ್ರಿಯ ಇಬ್ಬನಿಯನ್ನು ಬೂದಿಮಣ್ಣು ಹೀರಿ ಬೇರಿಗೆ ಕೊಡುತ್ತದೆ. ಅಂಥ ನೆಲದಲ್ಲಿ ಬದುಕು ಮಾಡಿದ ಜನ.

ಅಕ್ರೋತಿರಿ ಎನ್ನುವುದು ಬೂದಿಯ ಅಡಿ ಹೂತುಹೋಗಿದ್ದ ಊರು. 3600 ವರ್ಷದ ಹಿಂದಿನ ಆ ಸ್ಫೋಟ ಮುಚ್ಚಿದ ಊರು ಇದೇ. 1860ರ ದಶಕದಲ್ಲಿ ಸೂಯೆಜ್ ಕಾಲುವೆ ತೋಡುತ್ತಿದ್ದಾಗ ಗಾರೆ ಕೆಲಸಕ್ಕೆಂದು ಈ ದ್ವೀಪಗಳ ಬೂದಿಮಣ್ಣನ್ನು ಹಡಗುಗಟ್ಟಲೆ ಅಗೆದು ಒಯ್ದರು. ಸುಣ್ಣದ ಜೊತೆ ಬೆರೆಸಿದರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ಹಾಗೆ ಅಗೆಯುವಾಗ ಬೂದಿಯ ಅಡಿಯಿಂದ ಹಳೆಯ ಗೋಡೆಗಳು ಕಾಣಿಸಿದವು. ಆದರೆ ಅಕ್ರೋತಿರಿಯನ್ನು ಕ್ರಮವಾಗಿ ಅಗೆಯಲು ಶುರು ಮಾಡಿದ್ದು 1967ರಲ್ಲಿ, ಸ್ಪಿರಿಡಾನ್ ಮರಿನಾತೋಸ್ ಎಂಬ ಪುರಾತತ್ವ ವಿದ್ವಾಂಸರು. ಏಳು ವರ್ಷ ಅಗೆದು, 1974ರಲ್ಲಿ ಅವರು ಅದೇ ಸ್ಥಳದಲ್ಲಿ ತೀರಿಕೊಂಡರು.

ಈಗ ಆ ಇಡೀ ಜಾಗಕ್ಕೆ ದೊಡ್ಡ ಸೂರು ಹಾಕಿದ್ದಾರೆ. ಒಳಗೆ ತಂಪು, ಅರೆಬೆಳಕು. ಮರದ ಹಲಗೆಯ ದಾರಿಯ ಮೇಲೆ ನಡೆಯುತ್ತ ಕೆಳಗೆ ನೋಡಬೇಕು. ಬೀದಿ ಇದೆ, ಬೀದಿಯ ತಿರುವಿದೆ, ಎರಡಂತಸ್ತು ಮೂರಂತಸ್ತಿನ ಮನೆಗಳ ಗೋಡೆಗಳಿವೆ. ಕಿಟಕಿ ಇದೆ, ಮೆಟ್ಟಿಲಿದೆ. ಮಕ್ಕಳೇ, ನೀವು ನಗುತ್ತೀರೆಂದು ಗೊತ್ತು, ಆದರೂ ಹೇಳುತ್ತೇನೆ: ಮಹಡಿಯ ಮೇಲೆ ಕಕ್ಕಸು ಇದೆ. ಅಲ್ಲಿಂದ ಗೋಡೆಯೊಳಗೆ ಮಣ್ಣಿನ ಕೊಳವೆ ಇಳಿದು ಬೀದಿಯ ಚರಂಡಿಗೆ ಸೇರುತ್ತದೆ. ನಾನು ಹೈಸ್ಕೂಲು ಮುಗಿಸುವವರೆಗೆ ನಮ್ಮ ಮನೆಯಲ್ಲಿ ಈ ಅನುಕೂಲ ಇರಲಿಲ್ಲ.

ಒಂದು ಕೋಣೆಯಲ್ಲಿ ಆಳೆತ್ತರದ ಮಣ್ಣಿನ ಹರವಿಗಳು ಸಾಲಾಗಿ ನಿಂತಿದ್ದವು. ಇಂಥ ಹರವಿಗಳಲ್ಲಿ ಬಾರ್ಲಿ, ಹಿಟ್ಟು, ಎಣ್ಣೆ, ಒಣಮೀನು ಇಟ್ಟಿದ್ದ ಗುರುತು ಸಿಕ್ಕಿದೆಯಂತೆ. ಇನ್ನೊಂದೆಡೆ ಮಂಚಗಳು. ಮರ ಯಾವಾಗಲೋ ಕೊಳೆತು ಮಣ್ಣಾಗಿತ್ತು, ಆದರೆ ಗಟ್ಟಿಯಾದ ಬೂದಿಯಲ್ಲಿ ಮಂಚದ ಆಕಾರದ ಪೊಳ್ಳು ಉಳಿದಿತ್ತು. ಅದರೊಳಗೆ ಪ್ಲಾಸ್ಟರ್ ಹೊಯ್ದು, ಬೂದಿ ಬಿಡಿಸಿದಾಗ ಮಂಚವೇ ಎದ್ದು ಬಂತು. ಕೆಲವು ಮಂಚಗಳನ್ನು ಮನೆಯ ಹೊರಗೆ ತಂದು ಒಂದರ ಮೇಲೊಂದು ಪೇರಿಸಿದ್ದರು.

ಇಷ್ಟೆಲ್ಲ ಇದ್ದೂ ಒಂದು ಮಾತ್ರ ಇಲ್ಲ. ಮನುಷ್ಯರು! ಇಟಲಿಯ ಪಾಂಪೇ ನಗರ ಕ್ರಿ.ಶ. 79ರಲ್ಲಿ ಹೀಗೆಯೇ ಮುಚ್ಚಿಹೋದಾಗ ಜನ ಇದ್ದಲ್ಲೇ ಸತ್ತರು, ಅವರ ಅಸ್ಥಿ ಸಿಕ್ಕಿತು. ಅಕ್ರೋತಿರಿಯಲ್ಲಿ ಇದುವರೆಗೆ ಅಗೆದ ಕಡೆ ಸ್ಫೋಟದಲ್ಲಿ ಸತ್ತವರ ಒಂದು ಅಸ್ಥಿಪಂಜರವೂ ಸಿಕ್ಕಿಲ್ಲ. ಒಡವೆಗಳೂ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಮೊದಲು ಭೂಕಂಪವಾಗಿದೆ. ಜನ ಮನೆಗಳಿಂದ ಹೊರಗೆ ಬಂದಿದ್ದಾರೆ. ನೆಲ ಸುಮ್ಮನಾದ ಮೇಲೆ ಕೆಲವರು ವಾಪಸು ಬಂದು, ಬಿದ್ದ ಕಲ್ಲುಗಳನ್ನು ಬೀದಿಯಿಂದ ಎತ್ತಿ ರಾಶಿ ಹಾಕಿ, ರಿಪೇರಿ ಹಿಡಿದಿದ್ದಾರೆ. ಆಮೇಲೆ ಬೆಟ್ಟ ಮತ್ತೆ ಎಚ್ಚರಿಸಿದೆ. ಕೈಗೆ ಸಿಕ್ಕ ಬೆಲೆಬಾಳುವುದನ್ನು ತೆಗೆದುಕೊಂಡು ಹೊರಟುಹೋಗಿದ್ದಾರೆ. ಎಲ್ಲಿಗೆ ಹೋದರು, ದಾಟಿ ಬದುಕಿದರೇ ಎನ್ನುವುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಲ್ಲಿಯ ಫಲಕವೊಂದನ್ನು ಓದಿ ನನ್ನಾಕೆಗೆ ಹೇಳುತ್ತಿದ್ದೆ. "ಈ ಮನೆಯ ಮಹಡಿಯಲ್ಲಿ ಗೋಡೆಗೆ ಬಣ್ಣ ಬಳಿಯುತ್ತಾ ಇದ್ದರಂತೆ. ಒಂದು ಪಾತ್ರೆಯಲ್ಲಿ ಸುಣ್ಣದ ಗಾರೆ, ಇನ್ನೊಂದರಲ್ಲಿ ಕೆಂಪು ಬಣ್ಣ, ಹಾಗೇ ಒಣಗಿ ಸಿಕ್ಕಿದೆ. ಕೆಲಸ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ." ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಆಕೆ ಕಂಬಿ ಹಿಡಿದು ನಿಂತಿದ್ದಳು.

"ಅಮ್ಮ ಸಾರಿಸಿದ್ಲು," ಅಂದಳು.

ಇಲ್ಲಿ ನಿಮಗೆ ಸ್ವಲ್ಪ ಹಿಂದಿನ ವಿಷಯ ಹೇಳಬೇಕು. ನನ್ನಾಕೆ ಸಾಗರ ತಾಲೂಕಿನವಳು. ಶರಾವತಿ ಹೊಳೆಯ ದಂಡೆಯಲ್ಲಿ ಅವರ ಊರು. ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದು ನಿಂತಾಗ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆ ನೀರಿನಿಂದ ನಾಡಿಗೆಲ್ಲ ವಿದ್ಯುತ್ತು ಬಂತು. ಆಗ ಇವಳಿಗೆ ಹತ್ತು ವರ್ಷ. ಊರು ಮುಳುಗಿತು ಎಂದು ನನಗೆ ಗೊತ್ತಿತ್ತು. ಸಾಗರದ ಶಾಖೆಯಲ್ಲಿ ನಾನು ಕೆಲಸಕ್ಕಿದ್ದಾಗಲೇ ನಮ್ಮ ಮದುವೆಯಾದದ್ದು. ಆದರೆ ಆ ದಿನದ ಬಗ್ಗೆ ಇಷ್ಟು ವರ್ಷಗಳಲ್ಲಿ ಇವಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಗಾಡಿ ಹೇರಿ ಆಗಿತ್ತು. ಎತ್ತು ಕಟ್ಟೋದೊಂದು ಬಾಕಿ. ಅಮ್ಮ ಸೆಗಣಿ ತಂದು ಇಡೀ ಮನೆ ಸಾರಿಸಿದ್ಲು. ಜಗುಲಿ, ನಡುಮನೆ, ಅಡುಗೆಮನೆ ಎಲ್ಲಾ. ಹೊಸಿಲಿಗೆ ರಂಗೋಲಿ ಬೇರೆ ಹಾಕಿದ್ಲು. ಅಪ್ಪ ಬೈದ. ಮುಳುಗೋ ಮನೆಗೆ ಯಾಕೆ ಇದೆಲ್ಲ ಅಂತ. ಹೊಲಸು ಮನೆ ಬಿಟ್ಟು ಹೋದ್ಲು ಅನ್ನಿಸ್ಕೊಳ್ಳಲಾ ಅಂತ ಅಮ್ಮ ಕೇಳಿದ್ಲು."

ಯಾರಿಂದ ಅನ್ನಿಸಿಕೊಳ್ಳುವುದು, ಊರಲ್ಲಿ ಯಾರೂ ಉಳಿಯುವುದಿಲ್ಲವಲ್ಲ ಎಂದು ನಾನು ಕೇಳಲು ಹೋಗಿ ಸುಮ್ಮನಾದೆ. ಹಿಂದಿನಿಂದ ಬಂದ ಪ್ರವಾಸಿಗರ ಗುಂಪು ನಮ್ಮನ್ನು ಬಳಸಿಕೊಂಡು ಹೋಯಿತು. ಇನ್ನೊಂದು ಗುಂಪು ಬಂತು, ಅದೂ ಹೋಯಿತು. ಅವಳು ಅಲ್ಲಿಂದ ಕದಲಲಿಲ್ಲ. ಹನ್ನೆರಡರ ಬಸ್ಸು ಹೊರಗೆ ಹಾರ್ನ್ ಹೊಡೆದು ಹೊರಟದ್ದು ಕೇಳಿಸಿತು. ವೇಳಾಪಟ್ಟಿಯ ಚೀಟಿ ಜೇಬಿನಲ್ಲೇ ಇತ್ತು.

ಮುಂದಿನ ಬಸ್ಸಿಗೆ ಒಂದು ಗಂಟೆ. ಹತ್ತಿರದಲ್ಲೇ ಸಮುದ್ರದ ಕಡೆಗೆ ಒಂದು ಸಣ್ಣ ಊಟದಂಗಡಿ ಇತ್ತು. ಅಲ್ಲಿ ಕೂತೆವು. ಸಸ್ಯಾಹಾರ ಏನಿದೆ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿ ತಂದಿಟ್ಟಳು. ಹೆಸರು ಫಾವಾ. ಇದು ನಮ್ಮ ಕೇಸರಿ ಬೇಳೆಯ ಹತ್ತಿರದ ನೆಂಟ, ಅದೇ ಕುಲದ ಇನ್ನೊಂದು ಕಾಳು. ಅಕ್ರೋತಿರಿಯ ಅಗೆತದಲ್ಲೂ ಈ ಕಾಳು ಸಿಕ್ಕಿದೆ. ಅಂದರೆ ಆ ಹರವಿಯ ಮನೆಯವರು ಉಂಡದ್ದನ್ನೇ ನಾವೂ ಉಂಡೆವು. "ಒಂದು ಒಗ್ಗರಣೆ ಬಿದ್ದಿದ್ರೆ..." ಎಂದು ನನ್ನಾಕೆ ಬಾಯಿ ಬಿಟ್ಟಾಗ ನನಗೆ ಸಮಾಧಾನವಾಯಿತು. ಮಾತು ವಾಪಸು ಬಂದಿತ್ತು.

ಪಕ್ಕದ ಕುರ್ಚಿಯ ಮೇಲೆ ಒಂದು ಬೂದು ಬಣ್ಣದ ಬೆಕ್ಕು ಮಲಗಿತ್ತು. ಸಾಂಟೊರಿನಿಯಲ್ಲಿ ಎಲ್ಲಿ ನೋಡಿದರೂ ಬೆಕ್ಕು. ನನ್ನಾಕೆ ಅದಕ್ಕೆ ಮೊಸರು ನೆಕ್ಕಿಸುತ್ತ ಅಂಗಡಿಯಾಕೆಯನ್ನು ಮಾತಿಗೆಳೆದಳು. ನನ್ನ ಬ್ಯಾಂಕ್ ಇಂಗ್ಲಿಷು, ಅವಳ ಪ್ರವಾಸಿ ಇಂಗ್ಲಿಷು ಸೇರಿ ಮಾತು ನಡೆಯಿತು. 2025ರ ಫೆಬ್ರವರಿಯಲ್ಲಿ ಈ ದ್ವೀಪ ಸಾವಿರಾರು ಸಲ ನಡುಗಿತ್ತು, ನೀವು ಪೇಪರಿನಲ್ಲಿ ಓದಿರಬಹುದು. ದೊಡ್ಡವು ಐದಕ್ಕಿಂತ ಮೇಲಿನ ತೀವ್ರತೆಯವು. ನೆಲದಡಿ ಕರಗಿದ ಬಂಡೆ ಪಕ್ಕಕ್ಕೆ ದಾರಿ ಮಾಡಿಕೊಂಡು ಸರಿದದ್ದೇ ಕಾರಣ ಎಂದು ವಿಜ್ಞಾನಿಗಳು ಆಮೇಲೆ ಹೇಳಿದರು. ಶಾಲೆಗಳಿಗೆ ರಜೆ ಕೊಟ್ಟರು. 11,000ಕ್ಕೂ ಹೆಚ್ಚು ಜನ ದೋಣಿಯಲ್ಲಿ, ವಿಮಾನದಲ್ಲಿ ದ್ವೀಪ ಬಿಟ್ಟರು. ಈ ಹೆಂಗಸೂ ಎರಡು ಮಕ್ಕಳನ್ನು ಕರೆದುಕೊಂಡು ಅಥೆನ್ಸಿನ ತಂಗಿಯ ಮನೆಗೆ ಹೋಗಿದ್ದಳಂತೆ. 1956ರ ಜುಲೈ ಭೂಕಂಪದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಅವಳ ಅಜ್ಜಿ ಕಣ್ಣಾರೆ ಕಂಡಿದ್ದರು. "ನೆಲ ಅಲ್ಲಾಡಿದರೆ ವಾದ ಮಾಡಬೇಡ, ಹೊರಡು," ಎಂದು ಅಜ್ಜಿ ಹೇಳುತ್ತಿದ್ದರಂತೆ.

ನನ್ನಾಕೆ ಕೇಳಿದಳು, "ಹೋಗೋವಾಗ ಏನೇನು ತಗೊಂಡೆ ಅಂತ ಕೇಳ್ರೀ."

ಕೇಳಿದೆ. ಮಕ್ಕಳ ಶಾಲೆಯ ಚೀಲ, ದೇವರ ಪಟ, ಮನೆಯ ಕಾಗದಪತ್ರ. ಏನು ಬಿಟ್ಟೆ ಎಂದು ಕೇಳಿದೆ. ಅವಳು ನಕ್ಕು ಕುರ್ಚಿಯ ಕಡೆ ತೋರಿಸಿದಳು. ಬುಟ್ಟಿಗೆ ಹಾಕಲು ಹೋದರೆ ಪರಚಿ ಓಡಿಹೋಯಿತಂತೆ. ಒಂದು ತಿಂಗಳ ಮೇಲೆ ಬಂದು ಬಾಗಿಲು ತೆರೆದಾಗ ಇದೇ ಕುರ್ಚಿಯ ಮೇಲೆ ಹೀಗೆಯೇ ಮಲಗಿತ್ತಂತೆ.

ನನ್ನಾಕೆ ಬೆಕ್ಕಿನ ತಲೆ ಸವರಿದಳು, ಸವರುತ್ತಲೇ ಇದ್ದಳು. ಇನ್ನೊಂದು ಬಸ್ಸು ತಪ್ಪೀತೆಂದು ನಾನು ಎಬ್ಬಿಸಬೇಕಾಯಿತು.

ಫಿರಾ ತಲುಪಿದಾಗ ಎರಡು ಗಂಟೆ ದಾಟಿತ್ತು. ಇಯಾ ದ್ವೀಪದ ಇನ್ನೊಂದು ತುದಿಯಲ್ಲಿದೆ. ಲೆಕ್ಕ ಹಾಕಿದೆ, ಮತ್ತೆ ಹಾಕಿದೆ, ಹೊಂದಲಿಲ್ಲ. ನೀಲಿ ಗುಮ್ಮಟವನ್ನು ವಜಾ ಮಾಡಿದೆವು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಬಸ್ ನಿಲ್ದಾಣದ ಪಕ್ಕದಲ್ಲೇ ಒಂದು ಮ್ಯೂಸಿಯಂ ಇದೆ, ಅಕ್ರೋತಿರಿಯಲ್ಲಿ ಸಿಕ್ಕಿದ್ದನ್ನು ಅಲ್ಲಿಟ್ಟಿದ್ದಾರೆ. ಅರ್ಧ ಗಂಟೆ ಅಲ್ಲಿಗೆ ಹೋದೆವು. ಬೆರಳುದ್ದದ ಒಂದು ಚಿನ್ನದ ಕಾಡುಮೇಕೆ ಗಾಜಿನೊಳಗೆ ನಿಂತಿತ್ತು. ಯಾರೋ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಒಯ್ಯದೆ ಬಿಟ್ಟುಹೋದದ್ದು, 1999ರಲ್ಲಿ ಸಿಕ್ಕಿತು.

ಅದಕ್ಕಿಂತ ಚಂದ ಅಂದರೆ ಗೋಡೆಯ ಮೇಲಿನ ಮಂಗಗಳ ಚಿತ್ರ. ನೀಲಿ ಬಣ್ಣದ ಮಂಗಗಳು ಬಂಡೆ ಹತ್ತಿ ಜಿಗಿಯುತ್ತಿವೆ. ಬಾಲ ಮೇಲಕ್ಕೆತ್ತಿ ಕೊಕ್ಕೆಯ ಹಾಗೆ ಬಗ್ಗಿಸಿವೆ. "ಅಲ್ರೀ, ಇವು ನಮ್ಮ ಮುಸಿಯ ಅಲ್ವಾ!" ಎಂದು ನನ್ನಾಕೆ ಜೋರಾಗಿ ಹೇಳಿಬಿಟ್ಟಳು. ಕಾವಲಿನವ ತಿರುಗಿ ನೋಡಿದ. ಊರಿಗೆ ಬಂದ ಮೇಲೆ ಓದಿ ನೋಡಿದೆ. ಗ್ರೀಸಿನಲ್ಲಿ ಮಂಗಗಳೇ ಇಲ್ಲ. ಬಾಲದ ರೀತಿ, ಮೈಕಟ್ಟು ನೋಡಿ ಇವು ಭಾರತದ ಕಡೆಯ ಲಂಗೂರ್ ಇರಬೇಕು, ಆ ಕಾಲದ ದೂರದ ವ್ಯಾಪಾರದ ದಾರಿಯಲ್ಲಿ ಚಿತ್ರಗಾರರು ಕಂಡಿರಬೇಕು ಎಂದು ಕೆಲವು ವಿದ್ವಾಂಸರು 2020ರ ಸುಮಾರಿಗೆ ಬರೆದಿದ್ದಾರೆ. ಎಲ್ಲರೂ ಒಪ್ಪಿಲ್ಲ. ಅಡಿಕೆ ತೋಟದಲ್ಲಿ ಮುಸಿಯ ಓಡಿಸಿಯೇ ಬೆಳೆದ ನನ್ನಾಕೆಯನ್ನು ಅವರು ಕೇಳಬಹುದಿತ್ತು.

ಮೂರು ಗಂಟೆಗೆ ಕೇಬಲ್ ಕಾರಿನ ಹತ್ತಿರ ಬಂದು ನೋಡಿದರೆ ಎದೆ ಧಸಕ್ಕೆಂದಿತು. ಸಾಲು ಬೀದಿಯ ತಿರುವು ದಾಟಿ, ಅಂಗಡಿಗಳನ್ನು ದಾಟಿ ಹೋಗಿತ್ತು. ಪೆನ್ಶನ್ ದಿನ ಬ್ಯಾಂಕಿನಲ್ಲೂ ಇಂಥ ಸಾಲು ಕಂಡಿಲ್ಲ. ಆ ದಿನ ನಾಲ್ಕೈದು ಹಡಗು ಬಂದಿದ್ದವು, ಎಲ್ಲರೂ ಒಟ್ಟಿಗೆ ಇಳಿಯಬೇಕು. ಮೂರೂವರೆ ಆಯಿತು, ನಾವು ತಿರುವಿಗೂ ಬಂದಿರಲಿಲ್ಲ. ಮೆಟ್ಟಿಲು ಇಳಿದರೆ ಇವಳ ಮೊಣಕಾಲು ಕೇಳುವುದಿಲ್ಲ. ನಾಲ್ಕಾಯಿತು. ನಾನು ಬೆವರುತ್ತಿದ್ದೆ. ಹಡಗಿನ ಬಸ್ಸಿನಲ್ಲಿ ಹೋಗಿದ್ದರೆ ಏನಾಗುತ್ತಿತ್ತು, ಉಳಿಸಿದ ದುಡ್ಡೆಷ್ಟು, ಇಲ್ಲಿ ರಾತ್ರಿ ಉಳಿದು ನಾಳೆ ಹಡಗು ಹಿಡಿಯಲು ಆಗುವ ಖರ್ಚೆಷ್ಟು ಎಂದು ಕೂಡಿಸಿ ಕಳೆಯುತ್ತಿದ್ದೆ. ನನ್ನಾಕೆ ಚೀಲದಿಂದ ಚಕ್ಕುಲಿ ತೆಗೆದು ನನ್ನ ಕೈಗಿಟ್ಟು, "ತಿನ್ನಿ. ದ್ವೀಪ ಮುಳುಗ್ತಾ ಇಲ್ಲ," ಅಂದಳು.

ನಾಲ್ಕು ಹದಿನೈದಕ್ಕೆ ಒಳಗೆ ಹತ್ತಿದೆವು. ಕೆಳಗೆ ಇಳಿದು, ಅವಳ ಕೈ ಹಿಡಿದು, ನಡೆಯಿತೋ ಓಡಿತೋ ತಿಳಿಯದ ಹಾಗೆ ಹೋಗಿ ಕೊನೆಯ ದೋಣಿಗೆ ಕಾಲಿಟ್ಟೆವು. ನಮ್ಮ ಹಿಂದೆ ಇನ್ನೂ ಮೂವರು ಓಡಿ ಬಂದರು. ದೋಣಿಯವ ಹಗ್ಗ ಬಿಚ್ಚಿದ.

ಅಂದು ರಾತ್ರಿ ಊಟವಾದ ಮೇಲೆ ಅಟ್ಟದ ಮೇಲೆ ಕೂತಿದ್ದೆವು. ದ್ವೀಪದ ದೀಪಗಳು ದೂರವಾಗುತ್ತಿದ್ದವು. ಆಕೆ ತಾನಾಗಿಯೇ ಗಾಡಿಯಲ್ಲಿ ಏನೇನು ಹೇರಿದ್ದರು ಎಂದು ಹೇಳಲು ಶುರು ಮಾಡಿದಳು. ನನ್ನ ಜೇಬಿನಲ್ಲಿ ಬೆಳಗಿನ ವೇಳಾಪಟ್ಟಿಯ ಚೀಟಿ ಇತ್ತಲ್ಲ, ಅದರ ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದೆ. ಅಭ್ಯಾಸಬಲ. ಎಡಕ್ಕೆ ತಂದದ್ದು, ಬಲಕ್ಕೆ ಬಿಟ್ಟದ್ದು.

ತಂದದ್ದು: ಬಾಗಿಲು ನಾಲ್ಕು, ಕಿಟಕಿ, ಸಾಗುವಾನಿ ಕಂಬ, ಹೆಂಚು, ಭತ್ತ, ದೇವರ ಪೆಟ್ಟಿಗೆ, ತಾಮ್ರದ ಹಂಡೆ, ಮೂರು ಹಸು, ಒಂದು ಕರು, ಅಮ್ಮ ನೆಟ್ಟ ಮಲ್ಲಿಗೆಯ ಒಂದು ಬೇರು.

ಬಿಟ್ಟದ್ದು: ತೋಟ, ಬಾವಿ, ತುಳಸಿಕಟ್ಟೆ, ಹೂತ ಒರಳುಕಲ್ಲು, ಶಾಲೆ, ಶಾಲೆಯ ಹಿಂದಿನ ನೇರಳೆ ಮರ.

ಎರಡೂ ಕಡೆ ಬರೆದು ಮುಗಿಸಿ ಪೆನ್ನಿನ ಕ್ಯಾಪು ಹಾಕಿದೆ.

"ಇನ್ನೊಂದಿದೆ," ಅಂದಳು. ಬಹಳ ಹೊತ್ತು ಬಿಟ್ಟು ಹೇಳಿದಳು. "ಬೆಕ್ಕು. ಗಾಡಿ ಹೊರಟಾಗ ಜಗುಲಿ ಮೇಲೆ ಕೂತಿತ್ತು. ಹಸೀ ಸೆಗಣಿ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟು ಗುರುತು ಮಾಡಿತ್ತು. ಆಮೇಲೆ ಬರತ್ತೆ, ಬೆಕ್ಕಿಗೆ ದಾರಿ ಗೊತ್ತಾಗತ್ತೆ ಅಂತ ಅಪ್ಪ ಅಂದ."

ಬಲಗಡೆ ಬರೆದೆ. ಅದರ ಹೆಸರೇನಿತ್ತು ಎಂದು ಕೇಳಿದೆ.

"ಆಗ ನಮ್ಮ ಕಡೆ ಬೆಕ್ಕಿಗೆಲ್ಲ ಹೆಸರಿಡ್ತಿದ್ರಾ? ಬೆಕ್ಕು ಅಂತ್ಲೇ ಕರೀತಿದ್ವಿ," ಅಂದಳು.